ಉತ್ತರ ಧ್ರುವದ ಐಸ್ 34 ಲಕ್ಷವೋ 36 ಲಕ್ಷವೋ? ಮಗಳ ಮಾರ್ಕ್ಸ್ ಹೋಯಿತು!

ತ್ಯಾಗರಾಜನಗರದ ಅಪ್ಪ · ಶನಿವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಅಕೌಂಟ್ಸ್ ನೋಡುವವನು. ವಿಜ್ಞಾನದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗಿಯಿತು.

ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಅವಳ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್ ಇತ್ತು. ಉತ್ತರ ಧ್ರುವದ ಸಮುದ್ರದ ಮೇಲಿನ ಐಸ್ ಎಷ್ಟು ಕರಗಿದೆ ಅಂತ ಚಾರ್ಟ್ ಮಾಡಿದ್ದಳು. ಥರ್ಮಕೋಲ್ ಚೂರು, ಫೆವಿಕಾಲ್, ನೀಲಿ ಗ್ಲೇಜ್ ಪೇಪರ್. ಹದಿನೈದು ದಿನ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಐಸ್ ಎಂದಿಗಿಂತ ಕಡಿಮೆ ಇತ್ತು, ಸುಮಾರು 34 ಲಕ್ಷ ಚದರ ಕಿಲೋಮೀಟರ್ ಅಂತ ದೊಡ್ಡದಾಗಿ ಬರೆದಿದ್ದಳು. ಮಾರ್ಕ್ಸ್ ಹಾಕಲು ಬಂದವರು ಫೋನ್ ತೆಗೆದು ನೋಡಿ, "36 ಲಕ್ಷ ಅಂತಿದೆಯಲ್ಲಮ್ಮ, ತಪ್ಪು ಬರೆದಿದ್ದೀಯ" ಅಂದು ಕೆಂಪು ಪೆನ್ನಲ್ಲಿ ಒಂದು ಸುತ್ತು ಹಾಕಿ ಮುಂದಿನ ಟೇಬಲ್‌ಗೆ ಹೋದರಂತೆ. ರಾತ್ರಿ ಊಟ ಮಾಡಲಿಲ್ಲ ಹುಡುಗಿ.

ಸರಿ, ನಾನೇ ಕೂತು ನೋಡಿದೆ. ಅಮೆರಿಕದ ಎನ್‌ಎಸ್‌ಐಡಿಸಿ ಅನ್ನುವ ಸಂಸ್ಥೆಯ ಒಂದು ಪುಟದಲ್ಲಿ 34 ಇದೆ. ಅದೇ ಸಂಸ್ಥೆಯ ಇನ್ನೊಂದು ಪುಟದಲ್ಲಿ 36! ಮತ್ತೆಲ್ಲೋ ಅದಕ್ಕಿಂತ ಹತ್ತು ಲಕ್ಷ ಕಡಿಮೆ. ದಪ್ಪ ಎಷ್ಟು ಅಂತ ಹುಡುಕಲು ಹೋದರೆ ತಲೆಯೇ ಕೆಟ್ಟಿತು. ನಮ್ಮ ಆಫೀಸಿನಲ್ಲಿ ಟ್ಯಾಲಿಯಲ್ಲಿ ಹತ್ತು ರೂಪಾಯಿ ಹೊಂದದಿದ್ದರೆ ಮನೆಗೆ ಬಿಡುವುದಿಲ್ಲ. ಇಲ್ಲಿ ಎರಡು ಲಕ್ಷ ಚದರ ಕಿಲೋಮೀಟರ್ ವ್ಯತ್ಯಾಸ. ಇಡೀ ಕರ್ನಾಟಕವೇ ಲೆಕ್ಕದಿಂದ ಬಿದ್ದುಹೋದ ಹಾಗೆ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಸೈಲೆಂಟ್ ಸೀನ · 6:52

ಮರುಎಣಿಕೆಗೆ ಅರ್ಜಿ ಹಾಕಿ ಸಾರ್.

ಕಡಲ ಕಾಗೆ · 7:15

ನಿಮ್ಮ ಮಗಳು ಬರೆದದ್ದೂ ಸರಿ, ಆ ಸರ್ ನೋಡಿದ್ದೂ ಸರಿ. 34 ಲಕ್ಷ ಅನ್ನುವುದು ಆ ವರ್ಷ ಐಸ್ ಅತಿ ಕಡಿಮೆಯಾದ ದಿನದ ಲೆಕ್ಕ, ಸೆಪ್ಟೆಂಬರ್ ಮಧ್ಯಭಾಗದ್ದು. 36 ಲಕ್ಷ ಇಡೀ ಸೆಪ್ಟೆಂಬರ್ ತಿಂಗಳ ಸರಾಸರಿ. ತಿಂಗಳಿನ ಸರಾಸರಿ ಅತಿ ಕಡಿಮೆ ದಿನಕ್ಕಿಂತ ಜಾಸ್ತಿ ಇರಲೇಬೇಕಲ್ವಾ. ಅಂದಹಾಗೆ ಆ "ದಿನದ" ಅಂಕಿಯೂ ಒಂದೇ ದಿನದ್ದಲ್ಲ, ಐದು ದಿನದ ಸರಾಸರಿ. ಒಂದು ದಿನದ ಗಾಳಿಯಿಂದ ಗ್ರಾಫಿನ ಗೆರೆ ಕುಣಿಯಬಾರದು ಅಂತ ಹಾಗೆ ಮಾಡುತ್ತಾರೆ.

ಹತ್ತು ಲಕ್ಷ ಕಡಿಮೆ ಇದ್ದದ್ದು ಮಾತ್ರ ಬೇರೆ ಕಥೆ. ಅದು ವಿಸ್ತೀರ್ಣ. ಮೊದಲಿನವೆರಡು ವ್ಯಾಪ್ತಿ.

ತ್ಯಾಗರಾಜನಗರದ ಅಪ್ಪ · 7:21

ವ್ಯಾಪ್ತಿ, ವಿಸ್ತೀರ್ಣ ಎರಡೂ ಒಂದೇ ಅಲ್ವಾ ಸಾರ್?

ಪಹಣಿ ಪಟೇಲ · 7:48

ಅಲ್ಲವೇ ಅಲ್ಲ. ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದವನು ನಾನು, ಇದನ್ನು ನನಗೆ ಬಿಡಿ.

ಪಹಣಿಯಲ್ಲಿ ಒಂದು ಎಕರೆ ರಾಗಿ ಅಂತ ಬರೆದಿರುತ್ತದೆ. ಹೊಲಕ್ಕೆ ಹೋಗಿ ನೋಡಿ. ಮೂಲೆಯಲ್ಲಿ ಬಂಡೆ, ನಡುವೆ ಹುಣಸೆ ಮರ, ಒಂದು ಕಡೆ ಪೈರೇ ಎದ್ದಿಲ್ಲ. ಪೈರು ನಿಂತಿರುವುದು ಇಪ್ಪತ್ತು ಗುಂಟೆಯಲ್ಲಿ. ಆದರೂ ಕಾಗದದಲ್ಲಿ ಎಕರೆ ಎಕರೆಯೇ. ವ್ಯಾಪ್ತಿ ಅಂದರೆ ಆ ಪಹಣಿ ಎಕರೆ. ನಿಜವಾಗಿ ಪೈರು ನಿಂತ ಇಪ್ಪತ್ತು ಗುಂಟೆ ಇದೆಯಲ್ಲ, ಅದು ವಿಸ್ತೀರ್ಣ.

ಅಲ್ಲಿ ಉಪಗ್ರಹದ ಲೆಕ್ಕದಲ್ಲಿ ಸಮುದ್ರವನ್ನು 25 ಕಿ.ಮೀ. ಉದ್ದ, 25 ಕಿ.ಮೀ. ಅಗಲದ ಚೌಕಗಳಾಗಿ ಮಾಡಿಕೊಂಡಿದ್ದಾರೆ ಅಂತ ಓದಿದ್ದೇನೆ. ಒಂದೊಂದು ಚೌಕ 625 ಚದರ ಕಿ.ಮೀ., ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟು. ಅದರಲ್ಲಿ ನೂರಕ್ಕೆ 15 ಭಾಗ ಐಸ್ ಇದ್ದರೆ ಸಾಕು, ಇಡೀ ಚೌಕವನ್ನು ಐಸ್ ಅಂತ ಬರೆದುಕೊಳ್ಳುತ್ತಾರೆ. ಜಯನಗರ, ಬಸವನಗುಡಿ, ಬನಶಂಕರಿ ಕಡೆ ಮಾತ್ರ ಐಸ್, ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬರೀ ನೀರು. ಆದರೂ ಬೆಂಗಳೂರು ಪೂರ್ತಿ ಐಸ್!

ಅನುಮಾನದ ರಾಯರು · 8:03

ಅಂದರೆ ಇಲ್ಲದ ಐಸನ್ನು ಇದೆ ಅಂತ ಬರೆಯುತ್ತಾರೆ. ಇದಕ್ಕೆ ವಿಜ್ಞಾನ ಅಂತ ಹೆಸರು. ಭೇಷ್.

ಕಡಲ ಕಾಗೆ · 8:20

ರಾಯರೇ, ವಿಸ್ತೀರ್ಣವನ್ನೇ ಬರೆದರೆ ಇನ್ನೊಂದು ಫಜೀತಿ. ಈ ಉಪಗ್ರಹಗಳು ಫೋಟೋ ತೆಗೆಯುವುದಿಲ್ಲ. ನೀರು ಮತ್ತು ಐಸ್ ತಾವಾಗಿಯೇ ಹೊರಬಿಡುವ ಮೈಕ್ರೋವೇವ್ ಅನ್ನು ಹಿಡಿಯುತ್ತವೆ. ಹಾಗಾಗಿಯೇ ಮೋಡವಿದ್ದರೂ ಕಾಣುತ್ತದೆ, ಆರು ತಿಂಗಳ ಕತ್ತಲಲ್ಲೂ ಕಾಣುತ್ತದೆ. 1978ರ ಕೊನೆಯಿಂದ ಇಂದಿನವರೆಗೆ ಬಿಡದೆ ಲೆಕ್ಕ ಸಿಕ್ಕಿರುವುದು ಅದರಿಂದಲೇ. ಆದರೆ ಜೂನ್, ಜುಲೈಯಲ್ಲಿ ಐಸ್ ಮೇಲೆಯೇ ನೀರು ನಿಲ್ಲುತ್ತದೆ, ಮಳೆ ಬಂದಾಗ ನಮ್ಮ ತಾರಸಿಯಲ್ಲಿ ನಿಂತ ಹಾಗೆ. ಕೆಳಗೆ ಎರಡು ಮೀಟರ್ ಐಸ್ ಇದ್ದರೂ ಉಪಗ್ರಹಕ್ಕೆ ಅದು ಬರೀ ಸಮುದ್ರ. ಆಗ ವಿಸ್ತೀರ್ಣ ಸುಮ್ಮನೆ ಕುಸಿದುಬಿಡುತ್ತದೆ. ವ್ಯಾಪ್ತಿಗೆ ಆ ಪೆಟ್ಟು ಕಡಿಮೆ, ನೂರಕ್ಕೆ 15 ಕಂಡರೆ ಸಾಕಲ್ಲ. ಒರಟು ಅಳತೆಯೇ, ಆದರೆ ಪ್ರತಿ ವರ್ಷ ಒಂದೇ ರೀತಿ ಒರಟು.

ಕೆರೆ ಏರಿ · 8:31

ಇದನ್ನು ಓದಿ ನಗು ಬಂತು. ನಮ್ಮ ಬೆಳ್ಳಂದೂರಿನದ್ದು ಇದರ ಉಲ್ಟಾ. ಜೊಂಡು ಮುಚ್ಚಿಕೊಂಡಾಗ ಮೇಲಿಂದ ತೆಗೆದ ಚಿತ್ರದಲ್ಲಿ ಕೆರೆಯೇ ಇಲ್ಲ, ಹಸಿರು ಮೈದಾನ. ಯಾರೋ ಬಿಲ್ಡರ್ ನೋಡಿದರೆ ಲೇಔಟ್ ಮಾಡಿಬಿಡುತ್ತಿದ್ದ. ಜೊಂಡು ತೆಗೆದ ವಾರ ಕೆರೆ ಮತ್ತೆ "ಹುಟ್ಟಿತು".

ಹೆಬ್ಬಾಳದ ಹುಡುಗ · 8:40

ಇದೆಲ್ಲ ಬೇಡವೇ ಬೇಡ, ಎಚ್‌ಎಎಲ್‌ನಲ್ಲಿ ಒಂದು ಮಳೆ, ಸಿಟಿಯಲ್ಲಿ ಒಂದು ಮಳೆ, ಏರ್‌ಪೋರ್ಟಿನಲ್ಲಿ ಇನ್ನೊಂದು. 2024ರ ಜೂನ್ 2ರಂದು ಸಿಟಿಯಲ್ಲಿ 111 ಮಿ.ಮೀ., ಜೂನ್ ತಿಂಗಳ ಶತಮಾನದ ದಾಖಲೆ. ಅವತ್ತು ನಮ್ಮ ಮನೆ ಮುಂದೆ ಬೈಕ್ ತೇಲುತ್ತಿತ್ತು. ನನ್ನ ಭಾವ ವೈಟ್‌ಫೀಲ್ಡಿನಿಂದ ಫೋನ್ ಮಾಡಿ "ಇಲ್ಲಿ ಅಷ್ಟೇನಿಲ್ಲಪ್ಪ" ಅಂದ. ಯಾರ ಮಳೆ ಸುಳ್ಳು?

ಅನುಮಾನದ ರಾಯರು · 8:55

ಮಳೆಯ ಮಾತು ಬಿಡಿ. ನಾನು ಕೇಳುವುದು ಇಷ್ಟೇ. 2012ರಲ್ಲಿ ದಾಖಲೆ ಆಯಿತು ಅಂದಿರಿ. ಆಮೇಲೆ ಇಷ್ಟು ವರ್ಷ ಆಯಿತು, ಅದನ್ನು ಮುರಿಯಲು ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಎಷ್ಟಿತ್ತು? 46 ಲಕ್ಷ. ನಿಮ್ಮದೇ ಲೆಕ್ಕ. ಕೇಂಬ್ರಿಡ್ಜಿನ ಪೀಟರ್ ವಾಧಮ್ಸ್ ಅನ್ನುವ ಪ್ರೊಫೆಸರ್ 2015-16ರ ಹೊತ್ತಿಗೆ ಬೇಸಿಗೆಯಲ್ಲಿ ಐಸೇ ಇರುವುದಿಲ್ಲ ಅಂದಿದ್ದರು. ಎಲ್ಲಿ? ನಮ್ಮ ಬೀದಿಯ ಜ್ಯೋತಿಷಿಗೂ ಇವರಿಗೂ ಏನು ವ್ಯತ್ಯಾಸ? ಜ್ಯೋತಿಷಿ ಕಡೆಗೆ ಪ್ರಸಾದವಾದರೂ ಕೊಡುತ್ತಾರೆ.

ಮಂಡ್ಯ ಟು ಮೆಜೆಸ್ಟಿಕ್ · 9:02

😂 ಪ್ರಸಾದ ಪಾಯಿಂಟ್ ಸರಿಯಾಗಿದೆ

ಕಡಲ ಕಾಗೆ · 9:30

ವಾಧಮ್ಸ್ ಹೇಳಿದ್ದು ಆಗಲಿಲ್ಲ, ಒಪ್ಪಿದೆ. ಆಗಲೂ ಬಹಳ ಜನ ವಿಜ್ಞಾನಿಗಳು ಅದನ್ನು ಒಪ್ಪಿರಲಿಲ್ಲ. ಇನ್ನೊಂದನ್ನೂ ನಾನೇ ಹೇಳಿಬಿಡುತ್ತೇನೆ, ನೀವು ಕೇಳುವ ಮೊದಲೇ. ಕಳೆದ ಇಪ್ಪತ್ತು ವರ್ಷದಲ್ಲಿ ಸೆಪ್ಟೆಂಬರ್ ಐಸ್ ಕಡಿಮೆಯಾಗುವ ವೇಗ ತಗ್ಗಿದೆ. ಇದನ್ನೂ ವಿಜ್ಞಾನಿಗಳೇ ಅಳೆದು ಬರೆದಿದ್ದಾರೆ, ಯಾರೂ ಮುಚ್ಚಿಟ್ಟಿಲ್ಲ.

ಆದರೆ ನೀವು ಸೆಪ್ಟೆಂಬರ್ ಒಂದನ್ನೇ ಎತ್ತಿ ತೋರಿಸಿದಿರಿ. ಅದೇ 2025ರ ಮಾರ್ಚ್‌ನಲ್ಲಿ, ಐಸ್ ಅತಿ ಹೆಚ್ಚಾಗಬೇಕಾದ ಹೊತ್ತಿನಲ್ಲಿ, ಇದ್ದದ್ದು 1 ಕೋಟಿ 43 ಲಕ್ಷ. ಉಪಗ್ರಹಗಳ ಕಾಲದಲ್ಲಿ ಯಾವ ಚಳಿಗಾಲವೂ ಅಷ್ಟು ಕೆಳಗೆ ನಿಂತಿರಲಿಲ್ಲ. ಮತ್ತೆ ಹಳೆಯ ಐಸ್. ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ಕರಗದೆ ಉಳಿದು ಗಟ್ಟಿಯಾದದ್ದು 1985ರ ಮಾರ್ಚ್‌ನಲ್ಲಿ ಮೂರನೇ ಒಂದು ಭಾಗ ಇತ್ತು. 2019ರ ಮಾರ್ಚ್‌ನಲ್ಲಿ ನೂರಕ್ಕೆ ಎರಡೂ ಇರಲಿಲ್ಲ. ವ್ಯಾಪ್ತಿಯ ಗೆರೆಯಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ದಪ್ಪ ನೋಡಬೇಕು ಅನ್ನುವುದು.

ಮಂಡ್ಯ ಟು ಮೆಜೆಸ್ಟಿಕ್ · 9:38

ಇದು ನಮಗೆ ಅರ್ಥವಾಗುತ್ತದೆ. ಕೆಆರ್‌ಎಸ್ 124.80 ಅಡಿ ಅಂತ ಟಿವಿಯಲ್ಲಿ ಬಂದ ತಕ್ಷಣ ಎಲ್ಲರೂ ಪಟಾಕಿ. ನಮ್ಮ ತಾತ ಮಾತ್ರ "ಅಡಿ ಬೇಡ ಕಣೋ, ಟಿಎಂಸಿ ಎಷ್ಟು ಹೇಳು" ಅನ್ನುತ್ತಿದ್ದರು. ತುಂಬಿದಾಗ 49 ಟಿಎಂಸಿ. ತಳದಲ್ಲಿ ಹೂಳು ಎಷ್ಟಿದೆ ಅಂತ ಅಡಿ ಹೇಳುತ್ತದೆಯೇ? ಅದೂ ಅಲ್ಲದೆ ತಮಿಳುನಾಡಿಗೆ ಬಿಡುವಾಗ ನಮ್ಮವರು ಒಂದು ಲೆಕ್ಕ ಹೇಳುತ್ತಾರೆ, ಬಿಳಿಗುಂಡ್ಲುವಿನಲ್ಲಿ ಇನ್ನೊಂದು ಲೆಕ್ಕ

ನಿರ್ವಾಹಕ · 9:41

ಕಾವೇರಿಗೆ ಬೇರೆ ಎಳೆ ಇದೆ. ಹೋದ ತಿಂಗಳು ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ದಯವಿಟ್ಟು ಐಸಿಗೆ ಬನ್ನಿ.

ಕನ್ನಡ ಕಟ್ಟಾಳು · 9:50

ಐಸ್ ಐಸ್ ಅಂತಿದ್ದೀರಲ್ಲ, ಕನ್ನಡದಲ್ಲಿ ಹಿಮ ಅನ್ನಬಾರದೇ?

ಕಡಲ ಕಾಗೆ · 9:54

ಇಲ್ಲಿ ಹಿಮ ಬೇರೆ, ಐಸ್ ಬೇರೆ. ಸಮುದ್ರದ ನೀರು ಹೆಪ್ಪುಗಟ್ಟಿದ್ದು ಐಸ್, ಮಂಜುಗಡ್ಡೆ ಅನ್ನಿ. ಅದರ ಮೇಲೆ ಆಕಾಶದಿಂದ ಉದುರಿ ಕೂತದ್ದು ಹಿಮ. ಇವೆರಡನ್ನೂ ಒಂದು ಮಾಡಿದರೆ ದಪ್ಪದ ಜಗಳವೇ ಅರ್ಥವಾಗುವುದಿಲ್ಲ.

ಕನ್ನಡ ಕಟ್ಟಾಳು · 9:56

ಸರಿ, ಮಂಜುಗಡ್ಡೆ. ಐಸ್ ಬೇಡ.

ಸೈಲೆಂಟ್ ಸೀನ · 9:57

ಮಂಜುಗಡ್ಡೆ ಕ್ಯಾಂಡಿ ಎಷ್ಟು ಅಣ್ಣಾ

ತ್ಯಾಗರಾಜನಗರದ ಅಪ್ಪ · 10:05

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಊಟ ಆಯಿತು, ಮೊಸರನ್ನ. ಅವಳ ಪ್ರಶ್ನೆ: ದಪ್ಪವನ್ನು ಮೇಲಿನಿಂದ ಹೇಗೆ ಅಳೆಯುತ್ತಾರೆ? ತಳ ನೀರೊಳಗೆ ಇದೆಯಲ್ಲ?

ಕಡಲ ಕಾಗೆ · 10:50

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಅಳೆದದ್ದು ಕೆಳಗಿನಿಂದ. ಅಮೆರಿಕದ ಅಣು ಜಲಾಂತರ್ಗಾಮಿ ನಾಟಿಲಸ್ 1958ರಲ್ಲಿ ಐಸಿನ ಅಡಿಯಲ್ಲೇ ಧ್ರುವ ದಾಟಿತು. ಆಮೇಲೆ ಹೋದವೂ ತಲೆ ಮೇಲಕ್ಕೆ ಸೋನಾರ್ ಹೊಡೆಯುತ್ತಾ ಹೋದವು. ಶಬ್ದ ಐಸಿನ ತಳಕ್ಕೆ ತಾಗಿ ವಾಪಸ್ ಬಂದರೆ ನೀರೊಳಗೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಆ ಲೆಕ್ಕವೆಲ್ಲ ಸೇನೆಯ ಗುಟ್ಟು, ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷ ಕಳೆದ ಮೇಲೆ. 1999ರಲ್ಲಿ ರಾತ್‌ರಾಕ್ ಮತ್ತು ಜೊತೆಗಾರರು ಹಳೆಯದನ್ನೂ 1990ರ ದಶಕದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬೇಸಿಗೆ ಕೊನೆಯಲ್ಲಿ 3.1 ಮೀಟರ್ ಇದ್ದದ್ದು 1.8 ಮೀಟರ್ ಆಗಿದೆ ಅಂದರು.

ಜಗಳ ಅಲ್ಲೇ ಶುರುವಾಯಿತು. 2002ರಲ್ಲಿ ಕೆನಡಾದ ಹಾಲೊವೇ ಮತ್ತು ಸೂ, "ಇಷ್ಟು ಬೇಗ ತೆಳುವಾಗಿದೆ ಅಂತ ಹೇಗೆ ಹೇಳುತ್ತೀರಿ? ಗಾಳಿ ಬದಲಾಗಿ ದಪ್ಪ ಐಸ್ ಕೆನಡಾ ಕಡೆಗೆ ಸರಿದಿರಬಹುದು, ಜಲಾಂತರ್ಗಾಮಿ ಆ ಕಡೆ ಹೋಗೇ ಇಲ್ಲ" ಅಂತ ವಾದಿಸಿದರು. ನ್ಯಾಯವಾದ ಪ್ರಶ್ನೆ. ಐಸ್ ಒಂದೇ ಕಡೆ ಕೂರುವುದಿಲ್ಲ, ತೇಲುತ್ತಾ ಓಡಾಡುತ್ತದೆ. ಗೆರೆ ಎಳೆದ ಹಾಗೆ ನಾಲ್ಕು ದಾರಿಯಲ್ಲಿ ಅಳೆದು ಇಡೀ ಸಮುದ್ರದ ಬಗ್ಗೆ ಹೇಳಲು ಆಗುತ್ತದೆಯೇ? ಅದಕ್ಕೇ ಮೇಲಿನಿಂದ ಎಲ್ಲ ಕಡೆ ಅಳೆಯಬೇಕು ಅಂತ ಉಪಗ್ರಹಗಳನ್ನು ಹಾರಿಸಿದರು. ನಾಸಾದ ಐಸ್‌ಸ್ಯಾಟ್ 2003ರಲ್ಲಿ, ಯುರೋಪಿನ ಕ್ರಯೋಸ್ಯಾಟ್-2 2010ರಲ್ಲಿ, ಐಸ್‌ಸ್ಯಾಟ್-2 2018ರಲ್ಲಿ. ಮೊದಲ ಕ್ರಯೋಸ್ಯಾಟ್ 2005ರಲ್ಲಿ ಉಡಾವಣೆಯಲ್ಲೇ ಹೋಯಿತು ಪಾಪ.

ಮೇಲಿನಿಂದ ಅಳೆಯುವುದು ಹೀಗೆ. ತೇಲುವ ಐಸಿನಲ್ಲಿ ನೀರಿನ ಮೇಲೆ ಕಾಣುವುದು ಹತ್ತರಲ್ಲಿ ಒಂದು ಭಾಗ, ಸರಿಸುಮಾರು. ಐಸ್ ಬಿರುಕು ಬಿಟ್ಟ ಕಡೆ ನೀರು ಕಾಣುತ್ತದೆ. ಆ ನೀರಿನ ಎತ್ತರ ಮತ್ತು ಪಕ್ಕದ ಐಸಿನ ಎತ್ತರ, ಎರಡರ ವ್ಯತ್ಯಾಸ ತೆಗೆದು ಹತ್ತರಿಂದ ಗುಣಿಸುತ್ತಾರೆ. ಕ್ರಯೋಸ್ಯಾಟ್ ಇರುವುದು 700 ಕಿ.ಮೀ. ಮೇಲೆ. ಬೆಂಗಳೂರಿನಲ್ಲಿ ನಿಂತು ಬೀದರಿನಲ್ಲಿರುವ ಮೆಟ್ಟಿಲು ಒಂದು ಗೇಣಿದೆಯೋ ಒಂದೂವರೆ ಗೇಣಿದೆಯೋ ಅಂತ ಹೇಳಿದ ಹಾಗೆ. ತಪ್ಪಿದರೆ ತಪ್ಪೂ ಹತ್ತು ಪಟ್ಟು.

ಪೀಣ್ಯ ಲೇತ್ · 11:08

ಈಗ ನಮ್ಮ ಏರಿಯಾಗೆ ಬಂದಿರಿ. ಹತ್ತು ಪಟ್ಟು ಗುಣಿಸುವ ಅಳತೆಯನ್ನು ನಮ್ಮ ಶಾಪಿನಲ್ಲಿ ಯಾರೂ ಒಪ್ಪುವುದಿಲ್ಲ. ಕ್ಯೂಸಿ ಹುಡುಗ ಪೀಸ್ ವಾಪಸ್ ಕಳಿಸುತ್ತಾನೆ.

ಮತ್ತೆ ಗೇಜ್ ತೇಯುತ್ತದೆ. ನಮ್ಮಲ್ಲಿ ಒಂದು ಸ್ನ್ಯಾಪ್ ಗೇಜ್ ತೇಯ್ದು ಎರಡು ವಾರ ಒಳ್ಳೆ ಪೀಸ್‌ಗಳೆಲ್ಲ ರಿಜೆಕ್ಟ್ ಆದವು. ಕೊನೆಗೆ ಅದು ಗೇಜಿನ ತಪ್ಪು ಅಂತ ಗೊತ್ತಾಯಿತು. ನನ್ನ ತಲೆಯ ಮೇಲೆ ಬಿತ್ತು. ಉಪಗ್ರಹ ತೇಯುವುದಿಲ್ಲವೇ?

ಕಡಲ ಕಾಗೆ · 11:19

ತೇಯುತ್ತದೆ! 2009ರ ಫೆಬ್ರವರಿಯಲ್ಲಿ ಅದೇ ಆಯಿತು. ಸೆನ್ಸರ್ ನಿಧಾನವಾಗಿ ದಾರಿ ತಪ್ಪಿ, ತಿಂಗಳ ಮಧ್ಯದ ಹೊತ್ತಿಗೆ ಸುಮಾರು 5 ಲಕ್ಷ ಚದರ ಕಿ.ಮೀ. ಐಸ್ ಲೆಕ್ಕದಿಂದ ಕಾಣೆ. ತಮಾಷೆ ಏನೆಂದರೆ, ಎಡವಟ್ಟಾಗಿದೆ ಅಂತ ಖಾತ್ರಿಯಾದದ್ದು ಓದುಗರು "ಐಸ್ ಇರುವ ಕಡೆ ನೀರು ತೋರಿಸುತ್ತಿದ್ದೀರಲ್ಲ" ಅಂತ ಇಮೇಲ್ ಹಾಕಿದಾಗ. ಎನ್‌ಎಸ್‌ಐಡಿಸಿ ಅದನ್ನು ಬಹಿರಂಗವಾಗಿಯೇ ಒಪ್ಪಿಕೊಂಡು ಬೇರೆ ಸೆನ್ಸರ್‌ಗೆ ಬದಲಾಯಿಸಿತು. 2016ರ ಏಪ್ರಿಲ್‌ನಲ್ಲಿ ಮತ್ತೊಂದು ಕೈಕೊಟ್ಟಿತು. ಹಳೆಯದು ಸಾಯುವ ಮೊದಲು ಹೊಸದನ್ನು ಅದರ ಜೊತೆ ಕೆಲವು ತಿಂಗಳು ಓಡಿಸಿ ಹೋಲಿಸಬೇಕು, ನೀವು ಹೊಸ ಗೇಜನ್ನು ಹಳೆಯದರ ಜೊತೆ ಇಟ್ಟು ನೋಡುವ ಹಾಗೆ.

ಪೀಣ್ಯ ಲೇತ್ · 11:24

ಮಾಸ್ಟರ್ ಪೀಸ್, ಅಂದರೆ ಅಳತೆ ಖಚಿತವಾಗಿ ಗೊತ್ತಿರುವ ತುಂಡು, ಇಲ್ಲದೆ ಎರಡು ಗೇಜ್ ಹೋಲಿಸಿದರೆ ಎರಡೂ ತಪ್ಪಿರಬಹುದು. ಇದು ಬರೆದಿಟ್ಟುಕೊಳ್ಳಿ.

ಅನುಮಾನದ ರಾಯರು · 11:31

ಪೀಣ್ಯದವರು ನನ್ನ ಮನಸ್ಸಿನ ಮಾತು ಹೇಳಿದರು. ಇನ್ನು ಮಲಗುತ್ತೇನೆ.

ಹೆಬ್ಬಾಳದ ಹುಡುಗ · ಭಾನುವಾರ ಬೆಳಿಗ್ಗೆ 7:50

ನಮ್ಮ ಇಸ್ರೋ ಇರುವಾಗ ಅವರಿವರ ಉಪಗ್ರಹ ಯಾಕೆ? 2025ರ ಜುಲೈನಲ್ಲಿ ನೈಸಾರ್ ಹಾರಿದೆ. ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಇನ್ನು ಧ್ರುವದ ಐಸ್ ಪೂರ್ತಿ ನಮ್ಮ ಕೈಯಲ್ಲಿ.

ಕಡಲ ಕಾಗೆ · 8:25

ಅಭಿಮಾನ ನನಗೂ ಇದೆ, ಆದರೆ ಅದು ಹಾಗಲ್ಲ. ನೈಸಾರ್ ತನ್ನ ದಾರಿಯ ಎಡಕ್ಕೆ ಮಾತ್ರ ನೋಡುತ್ತದೆ. ಅದರಿಂದ ಅಂಟಾರ್ಕ್ಟಿಕಾ ಚೆನ್ನಾಗಿ ಸಿಗುತ್ತದೆ, ಉತ್ತರದಲ್ಲಿ 77.5 ಡಿಗ್ರಿಯ ಆಚೆ ಕಾಣುವುದಿಲ್ಲ.

ದಪ್ಪದ ಜಗಳದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ನಮ್ಮ ಉಪಗ್ರಹ ಬೇರೆ, ಅದರ ಹೆಸರು ಯಾರಿಗೂ ನೆನಪಿಲ್ಲ. ಸರಳ್. 2013ರ ಫೆಬ್ರವರಿ 25ರಂದು ಪಿಎಸ್‌ಎಲ್‌ವಿಯಲ್ಲಿ ಹೋಯಿತು. ಒಳಗೆ ಫ್ರಾನ್ಸಿನವರ ಆಲ್ಟಿಕಾ ಅನ್ನುವ ರೇಡಾರ್ ಇತ್ತು. ಕ್ರಯೋಸ್ಯಾಟ್ ಬಳಸುವುದು ಕು ಬ್ಯಾಂಡ್ ಅನ್ನುವ ರೇಡಾರ್ ಅಲೆ, ಅದು ಹಿಮದೊಳಗೆ ಇಳಿದು ಐಸಿಗೆ ತಾಗಿ ವಾಪಸ್ ಬರುತ್ತದೆ ಅಂತ ನಂಬಿಕೆ. ಆಲ್ಟಿಕಾದ್ದು ಕಾ ಬ್ಯಾಂಡ್, ಹಿಮದ ಮೇಲ್ಭಾಗದ ಹತ್ತಿರವೇ ತಿರುಗಿಬಿಡುತ್ತದೆ. ಎರಡರ ವ್ಯತ್ಯಾಸ ತೆಗೆದರೆ ನಡುವೆ ಹಿಮ ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ಸರಳ್ ಹೋಗುವುದು 81.5 ಡಿಗ್ರಿಯವರೆಗೆ ಮಾತ್ರ, ಧ್ರುವದ ಸುತ್ತಲಿನದು ಕಾಣದು. ಆದರೂ ಆ ಉಪಾಯ ಹಿಡಿಸಿತು.

ಅನುಮಾನದ ರಾಯರು · 9:10

"ಅಂತ ನಂಬಿಕೆ". ಅಡಿಗೆರೆ ಎಳೆದಿದ್ದೇನೆ.

ಕಡಲ ಕಾಗೆ · 9:34

ಎಳೆಯಿರಿ ರಾಯರೇ, ಸರಿಯಾದ ಜಾಗದಲ್ಲೇ ಎಳೆದಿದ್ದೀರಿ. ಈ ಕ್ಷೇತ್ರದ ದೊಡ್ಡ ಜಗಳವೇ ಅದು. ಒಣ, ತಣ್ಣನೆಯ ಹಿಮದಲ್ಲಿ ರೇಡಾರ್ ಕೆಳಗಿನವರೆಗೆ ಇಳಿಯುತ್ತದೆ. ಹಿಮ ಸ್ವಲ್ಪ ತೇವವಾದರೆ, ಕೆಳಗಿನಿಂದ ಉಪ್ಪು ಏರಿದರೆ, ಅರ್ಧದಲ್ಲೇ ತಿರುಗುತ್ತದೆ. ಆಗ ಐಸ್ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಹಿಮದ ಲೆಕ್ಕಕ್ಕೆ ಬಹಳ ವರ್ಷ ಬಳಸಿದ್ದು ಏನು ಗೊತ್ತಾ? ಸೋವಿಯತ್ ಕಾಲದವರು 1954ರಿಂದ 1991ರವರೆಗೆ ತೇಲುವ ಐಸ್ ಮೇಲೆ ಶಿಬಿರ ಹಾಕಿ ಕೋಲು ಚುಚ್ಚಿ ಅಳೆದ ಸರಾಸರಿ. ಆ ಐಸ್ ಹಳೆಯದು, ದಪ್ಪನೆಯದು. ಈಗಿನ ಒಂದು ವರ್ಷದ ತೆಳು ಐಸಿನ ಮೇಲೆ ಅಷ್ಟು ಹಿಮ ಕೂರುವುದಿಲ್ಲ ಅಂತ ಅದನ್ನು ಅರ್ಧ ಮಾಡಿಕೊಂಡರು.

ಪೀಣ್ಯದವರು ಮಾಸ್ಟರ್ ಪೀಸ್ ಕೇಳಿದರಲ್ಲ. ಅದಕ್ಕೇ 2019ರ ಸೆಪ್ಟೆಂಬರ್‌ನಲ್ಲಿ ಪೋಲಾರ್‌ಸ್ಟರ್ನ್ ಅನ್ನುವ ಜರ್ಮನಿಯ ಹಡಗನ್ನು ಐಸಿಗೇ ಕಟ್ಟಿಹಾಕಿ, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಅಂತ ಒಂದು ವರ್ಷ ತೇಲಿಬಿಟ್ಟರು. ಕು, ಕಾ ಎರಡೂ ರೇಡಾರನ್ನು ಐಸ್ ಮೇಲೆಯೇ ಇಟ್ಟು, ಪಕ್ಕದಲ್ಲಿ ಹಿಮ ಅಗೆದು ನೋಡಿದರು. 2020ರಲ್ಲಿ ಕ್ರಯೋಸ್ಯಾಟ್‌ನ ಕಕ್ಷೆಯನ್ನು ಸುಮಾರು 900 ಮೀಟರ್ ಮೇಲಕ್ಕೆತ್ತಿ, ಆಗಾಗ ಐಸ್‌ಸ್ಯಾಟ್-2 ಹೋದ ಜಾಗದ ಮೇಲೆಯೇ ಕೆಲವೇ ಗಂಟೆಯಲ್ಲಿ ಹೋಗುವ ಹಾಗೆ ಮಾಡಿದರು. ಐಸ್‌ಸ್ಯಾಟ್-2ರದು ಲೇಸರ್, ಹಿಮದ ಮೇಲಿನಿಂದಲೇ ತಿರುಗುತ್ತದೆ. ಕ್ರಯೋಸ್ಯಾಟ್‌ನದು ರೇಡಾರ್. ಐಸ್ ಮಾತ್ರ ಒಂದೇ.

ಮಂಡ್ಯ ಟು ಮೆಜೆಸ್ಟಿಕ್ · 9:45

ಹಿಮ ಎಷ್ಟಿದ್ದರೇನು, ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ? ಮೇಲೆ ಇನ್ನೊಂದು ಪದರ, ಅಷ್ಟೇ ಅಲ್ವಾ?

ಮಲ್ಲೇಶ್ವರದ ಮಿಸ್ · 10:30

ಅಷ್ಟೇ ಅಲ್ಲಪ್ಪ. ತಲಕಾಡಿನಲ್ಲಿ ಹರಿಗೋಲು ಹತ್ತಿದ್ದೀಯಾ? ಇಬ್ಬರು ಕೂತಾಗ ಅಂಚು ನೀರಿಗಿಂತ ಮೇಲೆ ಇರುತ್ತದೆ. ಎಂಟು ಜನ ಕೂರಿಸಿದರೆ ಅಂಚಿಗೇ ನೀರು ಬರುತ್ತದೆ. ಹರಿಗೋಲು ತೆಳುವಾಯಿತೇ? ಇಲ್ಲ, ಭಾರಕ್ಕೆ ಇಳಿಯಿತು. ಹಿಮ ಕೂತರೆ ಐಸ್ ಹಾಗೇ ನೀರಿಗೆ ಇಳಿಯುತ್ತದೆ. ಮೇಲಿನಿಂದ ನೋಡಿದವರಿಗೆ ಐಸ್ ತೆಳು ಅನ್ನಿಸುತ್ತದೆ.

ಮೂವತ್ತೆರಡು ವರ್ಷ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳಿದ್ದೇನೆ, ಬಾಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ತ್ಯಾಗರಾಜನಗರದವರೇ, ಮಗು ಮನೆಯಲ್ಲೇ ಮಾಡಿ ನೋಡಲಿ. ದೊಡ್ಡ ಟಿಫಿನ್ ಬಾಕ್ಸಿನಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಡಿ. ಬಕೆಟ್ಟಿನಲ್ಲಿ ತಣ್ಣೀರು. ಐಸ್ ತೇಲಿಬಿಟ್ಟು ಎಷ್ಟು ಮೇಲಿದೆ ಅಂತ ಸ್ಕೇಲ್ ಇಟ್ಟು ನೋಡಿ. ಆಮೇಲೆ ಮೇಲೆ ರವೆ ಹರಡಿ, ಅದು ಹಿಮ. ಮತ್ತೆ ಅಳೆಯಿರಿ. ಸಿಹಿನೀರು, ಸಿಹಿ ಐಸ್ ಆದ್ದರಿಂದ ಹತ್ತರ ಬದಲು ಹನ್ನೆರಡರಿಂದ ಗುಣಿಸಬೇಕು.

ತ್ಯಾಗರಾಜನಗರದ ಅಪ್ಪ · 10:34

ಮೇಡಂ, ಬಾಕ್ಸ್ ಫ್ರೀಜರ್‌ಗೆ ಹೋಯಿತು. ಹೆಂಡತಿಗೆ ಇನ್ನೂ ಹೇಳಿಲ್ಲ.

ಅನುಮಾನದ ರಾಯರು · 11:00

ಅಲ್ಲಿಯವರೆಗೆ ಒಂದು ಪ್ರಶ್ನೆ. ಪಯೋಮಾಸ್ ಅಂತ ಇದೆಯಲ್ಲ, ಐಸಿನ ಒಟ್ಟು ಗಾತ್ರ ಹೇಳುವುದು. 1979ರ ಸೆಪ್ಟೆಂಬರ್‌ನಲ್ಲಿ 17 ಸಾವಿರ ಘನ ಕಿ.ಮೀ. ಹತ್ತಿರ, 2012ರಲ್ಲಿ 4 ಸಾವಿರಕ್ಕಿಂತ ಕಡಿಮೆ ಅಂತ ಎಲ್ಲರೂ ಅದನ್ನೇ ಹಂಚುತ್ತಾರೆ. ಅದು ಅಳತೆಯೇ ಅಲ್ಲ, ಕಂಪ್ಯೂಟರಿನ ಲೆಕ್ಕ. ಹೌದೋ ಅಲ್ಲವೋ?

ಕಡಲ ಕಾಗೆ · 11:12

ಹೌದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾದರಿ. ಗಾಳಿ, ಉಷ್ಣತೆ, ಉಪಗ್ರಹದ ಐಸ್ ಲೆಕ್ಕ ಒಳಗೆ ಹಾಕಿ ದಪ್ಪವನ್ನು ಲೆಕ್ಕ ಹಾಕುತ್ತದೆ. ಅದನ್ನು ಅಳತೆ ಅಂತ ಹಂಚುವವರು ತಪ್ಪು ಮಾಡುತ್ತಾರೆ. ಆದರೆ ಜಲಾಂತರ್ಗಾಮಿ, ಐಸ್‌ಸ್ಯಾಟ್ ಅಳತೆಗಳ ಜೊತೆ ಇಟ್ಟು ಪರೀಕ್ಷಿಸಿದ್ದಾರೆ. 1979ರಲ್ಲಿ ದಪ್ಪ ಅಳೆಯುವ ಉಪಗ್ರಹವೇ ಇರಲಿಲ್ಲ, ಅಲ್ಲಿಂದ ಒಂದೇ ಗೆರೆ ಬೇಕು ಅಂದರೆ ಮಾದರಿಯೇ ಗತಿ.

ಪಹಣಿ ಪಟೇಲ · 11:20

ರಾಯರೇ, ನೀವು ಕೇಳುವ ಪ್ರಶ್ನೆ ಎಲ್ಲವೂ ಸರಿ. ಆದರೆ ನನ್ನ ಅನುಭವ ಹೇಳುತ್ತೇನೆ. ಸರಪಳಿ ಹಿಡಿದು ಅಳೆದ ಹಳೆಯ ಸರ್ವೆಗೂ ಈಗಿನ ಡ್ರೋನ್ ಸರ್ವೆಗೂ ಗುಂಟೆ ಲೆಕ್ಕದಲ್ಲಿ ಯಾವತ್ತೂ ಹೊಂದುವುದಿಲ್ಲ. ಹಾಗಂತ ಒತ್ತುವರಿ ಆಗಿಲ್ಲ ಅಂತ ಅಲ್ಲ. ಎರಡು ಗುಂಟೆ ಎಷ್ಟು ಅಂತ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಜಗಳವಾಡುತ್ತಾರೆ, ಬೇಲಿ ಈ ಕಡೆ ಸರಿದಿದೆ ಅನ್ನುವುದನ್ನು ಇಬ್ಬರೂ ಒಪ್ಪಿರುತ್ತಾರೆ.

ಅನುಮಾನದ ರಾಯರು · 11:26

ಬೇಲಿ ಸರಿದಿಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ಎಷ್ಟು ಅಂತ ಕೇಳಿದೆ.

ಕೆರೆ ಏರಿ · 11:29

ಶನಿವಾರ ಸಂಜೆ ನೀವು ಹೇಳಿದ್ದು ಹೀಗಿರಲಿಲ್ಲ 🙂

ಕಡಲ ಕಾಗೆ · 11:40

ಇನ್ನೊಂದು ಚಿಂತೆಯೂ ಇದೆ. 2025ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಆ ಹಳೆಯ ಮೈಕ್ರೋವೇವ್ ಉಪಗ್ರಹಗಳ ಮಾಹಿತಿಯನ್ನು ನಿಲ್ಲಿಸುತ್ತೇವೆ ಅಂತ ಇದ್ದಕ್ಕಿದ್ದಂತೆ ಹೇಳಿತು. ಗಲಾಟೆ ಆದ ಮೇಲೆ ಮುಂದಕ್ಕೆ ಹಾಕಿತು. ಎನ್‌ಎಸ್‌ಐಡಿಸಿ ಜಪಾನಿನ ಎಎಂಎಸ್‌ಆರ್-2 ಕಡೆಗೆ ಹೊರಳಿತು. ಅದರ ಕಣ್ಣು ಇನ್ನೂ ಚುರುಕು, ಆದರೆ ಹಾರಿದ್ದು 2012ರಲ್ಲಿ. ಗೇಜ್ ಬದಲಾಯಿತು, ಪೀಣ್ಯದವರೇ.

ಪೀಣ್ಯ ಲೇತ್ · 11:44

ಅದಕ್ಕೇ ನಾವು ಪ್ರತಿ ಗೇಜಿಗೂ ಒಂದು ಸ್ಪೇರ್ ಇಡುತ್ತೇವೆ. ಬೀರುವಿನ ಕೀಲಿ ಮಾಲೀಕರ ಹತ್ತಿರ.

ತ್ಯಾಗರಾಜನಗರದ ಅಪ್ಪ · ಭಾನುವಾರ ರಾತ್ರಿ 9:15

ಆಯಿತು! ಬರೆಯುತ್ತಿರುವುದು ನಾನು, ಹೇಳುತ್ತಿರುವುದು ಮಗಳು.

ಬಾಕ್ಸ್ 15 ಸೆಂ.ಮೀ. ಉದ್ದ, 10 ಅಗಲ. ಐಸ್ ನಡುವೆ ಗುಡ್ಡದ ಹಾಗೆ ಉಬ್ಬಿತ್ತು, ಬಿಸಿ ದೋಸೆ ಕಾವಲಿಯ ಮೇಲೆ ತಿಕ್ಕಿ ಸಮ ಮಾಡಿದೆವು. ಕಾವಲಿ ಚುರ್ ಅಂದದ್ದು ಅಡುಗೆಮನೆಯ ಆಚೆಗೂ ಕೇಳಿಸಿ ವಿಷಯ ಬಯಲಾಯಿತು. ದಪ್ಪ ಸ್ಕೇಲಿನಲ್ಲಿ 6 ಸೆಂ.ಮೀ. ಬಕೆಟ್ಟಿಗೆ ಬಿಟ್ಟಾಗ ಮೇಲೆ ಕಂಡದ್ದು 5 ಮಿ.ಮೀ. ಹನ್ನೆರಡರಿಂದ ಗುಣಿಸಿದರೆ 60 ಮಿ.ಮೀ. ಸರಿಯಾಗಿ ಬಂತು! ಮಗಳು ಕುಣಿದಳು.

ಆಮೇಲೆ ನಾಲ್ಕು ದೊಡ್ಡ ಚಮಚ ರವೆ, ತೂಕ ಮಾಡಿದಾಗ 45 ಗ್ರಾಂ, ಮೇಲೆ ಹರಡಿದಳು. ಐಸ್ ಕಣ್ಣೆದುರಿಗೇ ಇಳಿಯಿತು. ಈಗ ನೀರಿನಿಂದ ಐಸಿನ ಮೇಲ್ಭಾಗಕ್ಕೆ 2 ಮಿ.ಮೀ. ಮಾತ್ರ. ರವೆಯ ತಲೆಯವರೆಗೆ ಅಳೆದರೆ 7 ಮಿ.ಮೀ. ಅಂದರೆ ರೇಡಾರಿನ ಹಾಗೆ ರವೆಯ ಕೆಳಗೆ ನೋಡಿ ಹನ್ನೆರಡರಿಂದ ಗುಣಿಸಿದರೆ 24 ಮಿ.ಮೀ. ಲೇಸರಿನ ಹಾಗೆ ರವೆಯ ಮೇಲೆ ನೋಡಿ ಗುಣಿಸಿದರೆ 84. ನಿಜ 60. ಒಂದೇ ಬಕೆಟ್, ಒಂದೇ ಐಸ್, ಒಂದೇ ಸ್ಕೇಲ್. ಮಗಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.

ಆಮೇಲೆ ಅವಳೇ ಕೇಳಿದಳು, "ಅಪ್ಪ, ರವೆ ಎಷ್ಟು ಗ್ರಾಂ ಅಂತ ನಮಗೆ ಗೊತ್ತಲ್ಲ?" 45 ಗ್ರಾಂ, 150 ಚದರ ಸೆಂ.ಮೀ. ಮೇಲೆ. ಅಂದರೆ ಐಸ್ 3 ಮಿ.ಮೀ. ಇಳಿಯಬೇಕು. 2ಕ್ಕೆ ಆ 3 ಸೇರಿಸಿದರೆ ಮತ್ತೆ 5. ಟ್ಯಾಲಿ!

ಇನ್ನೊಂದು. ನಾನು ಅದೇ ಎತ್ತರವನ್ನು ಇನ್ನೊಮ್ಮೆ ಅಳೆದಾಗ 3 ಅನ್ನಿಸಿತು, ಅವಳಿಗೆ 2. ಆ ಒಂದು ಮಿ.ಮೀ.ಗೆ ದಪ್ಪದಲ್ಲಿ 12 ಮಿ.ಮೀ. ವ್ಯತ್ಯಾಸ. ಅದಕ್ಕೆ ಅಪ್ಪ ಮಗಳ ಜಗಳ ಹತ್ತು ನಿಮಿಷ ನಡೆಯಿತು. ಅಷ್ಟರಲ್ಲಿ ಐಸ್ ಕರಗತೊಡಗಿತು.

ಮಲ್ಲೇಶ್ವರದ ಮಿಸ್ · 9:22

ಮಗುವಿಗೆ ನನ್ನ ಕಡೆಯಿಂದ ಹತ್ತಕ್ಕೆ ಹತ್ತು. ಕೆಂಪು ಪೆನ್ನಲ್ಲೇ ಹಾಕಿದ್ದೇನೆ.

ಪೀಣ್ಯ ಲೇತ್ · 9:25

ಸ್ಕೂಲ್ ಸ್ಕೇಲಿನಲ್ಲಿ ಮಿಲಿಮೀಟರ್ ಅಳೆಯುತ್ತೀರಾ! ನನ್ನ ಹತ್ತಿರ ಡೆಪ್ತ್ ವರ್ನಿಯರ್ ಇದೆ. ಬನ್ನಿ, ಒಂದು ವಾರ ಇಟ್ಟುಕೊಳ್ಳಿ. ನೀರಿಗೆ ಮಾತ್ರ ಹಾಕಬೇಡಿ.

ಸೈಲೆಂಟ್ ಸೀನ · 9:26

ರವೆ ಏನಾಯಿತು?

ತ್ಯಾಗರಾಜನಗರದ ಅಪ್ಪ · 9:31

ಒದ್ದೆ ರವೆ ಎದುರಿಗಿಟ್ಟು ವಿಚಾರಣೆ ನಡೆಯುತ್ತಿದೆ.

ಅನುಮಾನದ ರಾಯರು · 9:40

ಪ್ರಯೋಗ ಚೆನ್ನಾಗಿದೆ. ಆದರೆ ಸಮುದ್ರ ಉಪ್ಪು, ನೀವು ಮಾಡಿದ್ದು ಕಾವೇರಿ ನೀರಿನಲ್ಲಿ. ಉಪ್ಪು ಹಾಕಿ ಮಾಡಿ, ಹತ್ತೋ ಹನ್ನೆರಡೋ ನೋಡೋಣ.

ತ್ಯಾಗರಾಜನಗರದ ಅಪ್ಪ · 9:44

ರಾಯರೇ, ಮಗಳು ಉಪ್ಪಿನ ಡಬ್ಬಿ ಹಿಡಿದುಕೊಂಡು ಬಚ್ಚಲಲ್ಲಿ ನಿಂತಿದ್ದಾಳೆ. ಅವರಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ನಾಳೆ ಹೇಳುತ್ತೇನೆ.